ಅಸಲು ಉಳಿಯಲಿ: ಒಂದು ಹಳೆಯ ಜಾಲತಾಣವನ್ನು ಮತ್ತೆ ಕಟ್ಟಿದ ಅನುಭವ

(ದತ್ತಿ ಉಪನ್ಯಾಸದ ಪೂರ್ಣಪಾಠ)



ಈ ವರ್ಷದ ಉಪನ್ಯಾಸಕ್ಕೆ ಕರೆದಾಗ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಚಾಲಕರು ಹೇಳಿದರು. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಆದರೆ ಕೆಲವು ವರ್ಷಗಳಿಂದ ನನ್ನ ಮನಸ್ಸನ್ನು ತುಂಬಿಕೊಂಡಿರುವುದು ಬೇರೆಯೇ ಒಂದು ಕೆಲಸ. 2001ರಲ್ಲಿ ನಾನು ಕಟ್ಟಿದ್ದ ಪುಟ್ಟ ಸ್ವಂತ ಜಾಲತಾಣವನ್ನು ಇವತ್ತಿನ ಸಾಧನಗಳಿಂದ ಮತ್ತೆ ಎಬ್ಬಿಸಿ ನಿಲ್ಲಿಸುವ ಕೆಲಸ. ಅದನ್ನೇ ಈ ಸಂಜೆ ನಿಮ್ಮ ಮುಂದಿಡುತ್ತೇನೆ.

ದತ್ತಿಯ ನಿಯಮ ಇಲ್ಲಿರುವ ಎಲ್ಲರಿಗೂ ಗೊತ್ತು. ದಾನಿಗಳು ಇಟ್ಟ ಅಸಲನ್ನು ಯಾರೂ ಮುಟ್ಟುವಂತಿಲ್ಲ. ಬರುವ ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ. ಮಾತಾಡುವವರು ಬದಲಾಗುತ್ತಾರೆ, ಸಭಾಂಗಣವೂ ಬದಲಾಗಬಹುದು, ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ಜಾಲತಾಣಕ್ಕೂ ಹೀಗೆ ಒಂದು ಅಸಲು ಇದೆ. ಅದು ಯಾವುದೆಂದು ತಿಳಿಯದೆ ನಾನು ಎರಡು ಸಲ ಅದನ್ನು ಕಳೆದುಕೊಳ್ಳುವ ಹಂತಕ್ಕೆ ಹೋದೆ. ಮೂರನೆಯ ಸಲ ತಿಳಿಯಿತು.

ಅಡಿಕೆ ಮನೆಯ ಮಾತು

ನಮ್ಮದು ಮಲೆನಾಡಿನ ಅಡಿಕೆ ಬೆಳೆಯುವ ಊರು. ಕೊಯ್ಲಿನ ಕಾಲದಲ್ಲಿ ನಮ್ಮ ಮನೆಗಳಲ್ಲಿ ಆಡುವ ಮಾತುಗಳಲ್ಲಿ ಅರ್ಧಕ್ಕರ್ಧ ಶಾಲೆಯ ಪುಸ್ತಕದಲ್ಲಿ ಸಿಗುವುದಿಲ್ಲ. ಮರ ಹತ್ತಿ ಕೊನೆ ಇಳಿಸುವವನು ಕೊನೆಗೌಡ. ಅಡಿಕೆ ಸುಲಿಯಲು ಕುಳಿತವರ ಮುಂದೆ ಇರುವುದು ಮೆಟ್ಟುಗತ್ತಿ. ಅಡಿಕೆ ಬೇಯಿಸಿ ಉಳಿದದ್ದು ಚೊಗರು. ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದರೆ ಚಾಲಿ. ಅಮ್ಮ ಮತ್ತು ಕೇರಿಯ ಹಿರಿಯ ಹೆಂಗಸರು ಸುಲಿಯುತ್ತಾ ಕುಳಿತಿದ್ದಾಗ ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕುಳಿತು ಈ ಪದಗಳನ್ನು ಬರೆದುಕೊಂಡೆ. ಪ್ರತಿ ಪದಕ್ಕೂ ಅರ್ಥ, ಬಳಕೆ, ಅವರು ಹೇಳಿದ ಒಂದು ವಾಕ್ಯ.

ಇದನ್ನು ಪುಸ್ತಕ ಮಾಡುವ ಶಕ್ತಿ ನನಗಿರಲಿಲ್ಲ. ಆ ಹೊತ್ತಿಗೆ ಅಂತರಜಾಲಕ್ಕೆ ಕನ್ನಡ ಬಂದಿತ್ತು. ಡಾ. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಶುರುಮಾಡಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದಿತ್ತು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂತು. ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಬಹುದು ಎಂಬುದೇ ನಮಗೆಲ್ಲ ಹಬ್ಬವಾಗಿದ್ದ ಕಾಲ ಅದು. ಉಚಿತವಾಗಿ ಜಾಗ ಕೊಡುವ ಒಂದು ಕಂಪನಿಯಲ್ಲಿ ಖಾತೆ ತೆರೆದು, ಜಾಲಪುಟ ಬರೆಯುವ ಎಚ್‌ಟಿಎಂಎಲ್ ಕಲಿತು, ನಲವತ್ತೊಂದು ಪುಟಗಳ ತಾಣವನ್ನು ಕಟ್ಟಿದೆ.

ಬೇರೆಯವರ ಜಾಗದಲ್ಲಿ ಕಟ್ಟಿದ ಮನೆ

ಉಚಿತ ಜಾಗ ಕೊಟ್ಟ ಆ ಕಂಪನಿ ಕೆಲವು ವರ್ಷಗಳ ನಂತರ ಬಾಗಿಲು ಹಾಕಿತು. ಮುಚ್ಚುತ್ತೇವೆ ಎಂದು ಅವರು ಕಳಿಸಿದ ಪತ್ರ ನಾನು ಬಳಸುವುದನ್ನು ಬಿಟ್ಟಿದ್ದ ಹಳೆಯ ಇ–ಮೇಲ್ ವಿಳಾಸಕ್ಕೆ ಹೋಗಿತ್ತು. ಒಂದು ದಿನ ತೆರೆದು ನೋಡಿದರೆ ತಾಣವೇ ಇಲ್ಲ.

ಇದು ನನ್ನೊಬ್ಬನ ಕಥೆಯೇನೂ ಆಗಿರಲಿಲ್ಲ. ಆ ಕಾಲದಲ್ಲಿ ಲೋಕದಲ್ಲೆಲ್ಲ ಹೆಸರಾಗಿದ್ದ ಉಚಿತ ತಾಣಗಳ ಊರು ಜಿಯೋಸಿಟೀಸ್. 1994ರಲ್ಲಿ ಶುರುವಾದ ಅದನ್ನು 1999ರಲ್ಲಿ ಯಾಹೂ ಕೊಂಡುಕೊಂಡಿತು. 2009ರ ಅಕ್ಟೋಬರಿನಲ್ಲಿ ಅಮೆರಿಕದ ಆ ಸೇವೆ ಮುಚ್ಚಿತು. ಮನೆಯ ಬೆಕ್ಕಿನ ಚಿತ್ರದಿಂದ ಹಿಡಿದು ಊರಿನ ಚರಿತ್ರೆಯವರೆಗೆ ಸಾಮಾನ್ಯ ಜನ ಬರೆದಿಟ್ಟ ಪುಟಗಳು ಒಟ್ಟಿಗೇ ಹೊರಟುಹೋದವು. ಸ್ವಯಂಸೇವಕರು ಹಗಲು ರಾತ್ರಿ ಪ್ರತಿ ಮಾಡಿಕೊಂಡಷ್ಟು ಮಾತ್ರ ಉಳಿಯಿತು.

ಇನ್ನೊಂದು ಸಂಗತಿ ಕೇಳಿ. ಜಗತ್ತಿನ ಮೊಟ್ಟಮೊದಲ ಜಾಲತಾಣ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದ್ದು, ಟಿಮ್ ಬರ್ನರ್ಸ್–ಲೀ ಅವರು ಕಟ್ಟಿದ್ದು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾವ ಶುಲ್ಕವೂ ಇಲ್ಲದೆ ಜಗತ್ತಿಗೇ ಬಿಟ್ಟುಕೊಟ್ಟಿತು. ಅದಾದ ಇಪ್ಪತ್ತು ವರ್ಷಕ್ಕೆ, 2013ರಲ್ಲಿ, ಆ ಮೊದಲ ತಾಣವನ್ನು ಅದರ ಮೂಲ ವಿಳಾಸದಲ್ಲೇ ಮತ್ತೆ ನಿಲ್ಲಿಸಲು ಹೊರಟಾಗ ಅವರಿಗೆ ಸಿಕ್ಕ ಹಳೆಯ ಪ್ರತಿ 1992ರದ್ದು. ಅದಕ್ಕೂ ಹಿಂದಿನ ರೂಪ ಆಗ ಅವರ ಕೈಯಲ್ಲಿರಲಿಲ್ಲ. ಜಾಲವನ್ನು ಹುಟ್ಟಿಸಿದ ಮನೆಯಲ್ಲೇ ಮೊದಲ ಪುಟ ಉಳಿಯಲಿಲ್ಲವೆಂದರೆ ನಮ್ಮ ನಿಮ್ಮ ಪುಟಗಳ ಪಾಡೇನು?

ನನ್ನ ಪುಟಗಳಲ್ಲಿ ಬಹುಪಾಲು ಒಂದು ಹಳೆಯ ಸಿ.ಡಿ.ಯಲ್ಲಿ ಸಿಕ್ಕವು. ಗೀರು ಬಿದ್ದು ಓದಲಾಗದ ಪುಟಗಳಲ್ಲಿ ಕೆಲವನ್ನು ಇಂಟರ್ನೆಟ್ ಆರ್ಕೈವ್ ಉಳಿಸಿಟ್ಟಿತ್ತು. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಜಾಲದ ಪುಟಗಳನ್ನು ಸುಮ್ಮನೆ ಪ್ರತಿ ಮಾಡಿಡುತ್ತಾ ಬಂದಿದೆ. ಅವರಿಗೆ ನಾನು ಋಣಿ. ಮೂರು ಪುಟಗಳು ಎಲ್ಲೂ ಸಿಗಲಿಲ್ಲ. ಅವುಗಳಲ್ಲಿ ಒಂದು, ಅಡಿಕೆ ಬೇಯಿಸುವ ಹದದ ಬಗ್ಗೆ ಅಮ್ಮ ಹೇಳಿ ನಾನು ಬರೆದದ್ದು. ಅಷ್ಟರಲ್ಲಿ ಅಮ್ಮ ಇರಲಿಲ್ಲ. ಆ ನೋಟ್‌ಬುಕ್ಕೂ ಮಳೆಗಾಲದಲ್ಲಿ ಗೆದ್ದಲು ಹಿಡಿದು ಹೋಗಿತ್ತು.

ಅಕ್ಷರದ ವೇಷ

ಸಿ.ಡಿ.ಯಿಂದ ಮೊದಲ ಪುಟವನ್ನು ತೆರೆದೆ. ‘ಕನ್ನಡ’ ಎಂಬ ಪದ ಇರಬೇಕಾದ ಜಾಗದಲ್ಲಿ ಕಂಡದ್ದು ಇದು: ಇಂಗ್ಲಿಷಿನ ದೊಡ್ಡ ಪಿ. ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ. ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಮತ್ತೆ ಅದೇ ಎ. ಜರ್ಮನ್ ಭಾಷೆಯ ಒಂದು ವಿಶೇಷ ಅಕ್ಷರ. ಒಂದು ಸಣ್ಣ ಕ್ಯೂ. ಕೊನೆಗೆ ಮತ್ತೆ ಅದೇ ಎ. ಒಟ್ಟು ಏಳು ಚಿಹ್ನೆ, ಅವುಗಳಲ್ಲಿ ಒಂದೂ ಕನ್ನಡದ್ದಲ್ಲ.

ಇದರ ಒಳಗುಟ್ಟು ತಿಳಿಯಬೇಕಾದರೆ ಆ ಕಾಲದ ಕಷ್ಟ ತಿಳಿಯಬೇಕು. ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೆ ನಮ್ಮ ಮನೆಗಳಲ್ಲಿದ್ದ ವಿಂಡೋಸ್ 98ಕ್ಕೆ ಅದನ್ನು ತೆರೆಯ ಮೇಲೆ ಜೋಡಿಸಿ ತೋರಿಸಲು ಬರುತ್ತಿರಲಿಲ್ಲ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆ ಸೌಲಭ್ಯ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನೊಂದಿಗೆ. ಅಲ್ಲಿಯವರೆಗೆ ನಮ್ಮ ತಂತ್ರಜ್ಞರು ಕೈಯಲ್ಲಿದ್ದ ಸಾಧನದಲ್ಲೇ ದಾರಿ ಹುಡುಕಿದರು. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳು ಕೂರುವ ಮನೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದರು. ಪಿ ಇದ್ದಲ್ಲಿ ತಲೆಕಟ್ಟಿಲ್ಲದ ‘ಕ’. ಗೆರೆ ಹೊತ್ತ ಎ ಇದ್ದಲ್ಲಿ ತಲೆಕಟ್ಟು. ಪೌಂಡ್ ಇದ್ದಲ್ಲಿ ‘ನ’ದ ಒಡಲು. ಜರ್ಮನ್ ಅಕ್ಷರದ ಜಾಗದಲ್ಲಿ ನಾವತ್ತು. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಅದು ಕನ್ನಡ, ಇಲ್ಲದ ಕಡೆ ಗೋಜಲು. ಅಂದರೆ ಕಂಪ್ಯೂಟರಿನ ನೆನಪಿನಲ್ಲಿ ಕನ್ನಡ ಇರಲೇ ಇಲ್ಲ, ಕನ್ನಡದ ವೇಷ ಮಾತ್ರ ಇತ್ತು. ಆ ವೇಷವೂ ಇಲ್ಲದಿದ್ದರೆ ಆ ಹತ್ತು ವರ್ಷ ಕನ್ನಡ ಕಂಪ್ಯೂಟರಿನಿಂದ ಹೊರಗೇ ಉಳಿಯುತ್ತಿತ್ತು. ಹಾಗಾಗಿ ಆ ತಂತ್ರಜ್ಞರನ್ನು ನಾನು ಗೌರವದಿಂದಲೇ ನೆನೆಯುತ್ತೇನೆ.

ಯೂನಿಕೋಡಿನಲ್ಲಿ ಅದೇ ‘ಕನ್ನಡ’ಕ್ಕೆ ಐದು ಸಂಕೇತಗಳು: ಕ, ನ, ವಿರಾಮ, ನ, ಡ. ಐದೂ ಕನ್ನಡದವೇ. ಯಾವ ಫಾಂಟ್ ಹಾಕಿದರೂ, ಫಾಂಟನ್ನು ತೆಗೆದರೂ, ಅದು ಕನ್ನಡವೇ.

ಹಳೆಯದನ್ನು ಹೊಸದಕ್ಕೆ ತರಲು ಪರಿವರ್ತಕ ತಂತ್ರಾಂಶಗಳಿವೆ. ಆದರೆ ಒಂದರ ಬದಲು ಒಂದು ಇಟ್ಟುಕೊಂಡು ಹೋದರೆ ಸಾಲದು. ‘ಕರ್ನಾಟಕ’ದ ಅರ್ಕಾವತ್ತನ್ನೇ ನೋಡಿ. ಕಣ್ಣಿಗೆ ಅದು ‘ನಾ’ ಆದಮೇಲೆ ಬರುತ್ತದೆ, ಹಳೆಯ ಫಾಂಟಿನಲ್ಲೂ ಹಾಗೆಯೇ ಬರೆಯುತ್ತಿದ್ದರು. ಬಾಯಲ್ಲಿ ಮಾತ್ರ ರಕಾರ ಮೊದಲು. ಯೂನಿಕೋಡ್ ಬಾಯಿಯ ಕ್ರಮವನ್ನು ಹಿಡಿಯುತ್ತದೆ. ಆದ್ದರಿಂದ ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ತಂದಿಡಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ‘ಮ’. ಆ ಫಾಂಟುಗಳಲ್ಲಿ ‘ಮ’ ಎಂಬ ಅಕ್ಷರಕ್ಕೆ ಸ್ವಂತ ಮನೆಯೇ ಇರಲಿಲ್ಲ. ‘ವ’ ಬರೆದು ಕೊಂಬು ಕೊಟ್ಟರೆ ‘ಮ’ ಕಾಣುತ್ತಿತ್ತು. ನಿಜವಾದ ‘ವು’ ಬೇಕಾದರೆ ಬೇರೆ ಕೊಂಬು. ಸ್ಲೇಟಿನ ಮೇಲೆ ಮಕ್ಕಳು ‘ಮ’ ತಿದ್ದುವುದೂ ಹಾಗೆಯೇ ತಾನೆ? ನನ್ನ ಮೊದಲ ಪರಿವರ್ತನೆಯಲ್ಲಿ ‘ಮೆಟ್ಟುಗತ್ತಿ’ ಚೆನ್ನಾಗಿಯೇ ಬಂದಂತೆ ಕಂಡಿತು. ತಿಂಗಳ ನಂತರ ನನ್ನದೇ ತಾಣದಲ್ಲಿ ಆ ಪದವನ್ನು ಹುಡುಕಿದೆ. ಸಿಗಲಿಲ್ಲ. ಪುಟ ತೆರೆದರೆ ಕಣ್ಣೆದುರಿಗೇ ಇದೆ, ಹುಡುಕಿದರೆ ಇಲ್ಲ! ಅಕ್ಷರವನ್ನು ಬಿಡಿಸಿ ನೋಡಿದಾಗ ಒಳಗಿದ್ದದ್ದು ‘ಮೆ’ ಆಗಿರಲಿಲ್ಲ. ‘ವ’, ಎತ್ವ, ಕೊಂಬು ಎಂಬ ಮೂರು ಸಂಕೇತಗಳು ಸಾಲಾಗಿ ಕುಳಿತು ‘ವೆು’ ಆಗಿ ‘ಮೆ’ಯಂತೆ ತೋರುತ್ತಿದ್ದವು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಅದು ಬೇರೆಯೇ ಪದ, ಯಾರೂ ಯಾವತ್ತೂ ಹುಡುಕದ ಪದ. ಇವತ್ತಿಗೂ ಕನ್ನಡದ ಎಷ್ಟೋ ಪುಟಗಳಲ್ಲಿ ‘ಮೇಲೆ’ ಎಂಬ ಸರಳ ಪದ ಈ ತಪ್ಪು ರೂಪದಲ್ಲಿ ಕುಳಿತಿದೆ. ನನ್ನ ತಾಣದಲ್ಲಿ ಅಂಥ ಪ್ರತಿ ‘ಮೆ’ಯನ್ನೂ ‘ಮೇ’ಯನ್ನೂ ಹುಡುಕಿ ತಿದ್ದಿದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ದಿನ ಹಿಡಿದದ್ದು ಇದಕ್ಕೆ, ಅತಿ ಹೆಚ್ಚು ತೃಪ್ತಿ ಕೊಟ್ಟದ್ದೂ ಇದೇ.

ಎರಡನೆಯ ಸಲ ಎಡವಿದ್ದು

ಅಕ್ಷರ ಸರಿಯಾದ ಮೇಲೆ ತಾಣವನ್ನು ಕಟ್ಟಬೇಕಲ್ಲ. 2018ರಲ್ಲಿ, ಆಗ ಎಲ್ಲರ ಬಾಯಲ್ಲೂ ಇದ್ದ ಒಂದು ದೊಡ್ಡ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್, ಅಂದರೆ ತಾಣ ಕಟ್ಟುವ ಸಿದ್ಧ ಚೌಕಟ್ಟು, ಹಿಡಿದು ಕಟ್ಟಿದೆ. ನೋಡಲು ಬಹಳ ಚೆನ್ನಾಗಿತ್ತು. ಪುಟದಿಂದ ಪುಟಕ್ಕೆ ಜಾರುತ್ತಿತ್ತು. ಎರಡು ವರ್ಷದ ನಂತರ ಹೊಸ ಪದವೊಂದನ್ನು ಸೇರಿಸಲು ಕುಳಿತೆ. ತಾಣ ಮತ್ತೆ ಕಟ್ಟಿಕೊಳ್ಳಲು ಒಪ್ಪಲಿಲ್ಲ. ಅದು ನೆಚ್ಚಿಕೊಂಡಿದ್ದ ನೂರಾರು ಸಣ್ಣ ತಂತ್ರಾಂಶ ಪೊಟ್ಟಣಗಳಲ್ಲಿ ಕೆಲವು ಆವೃತ್ತಿ ಬದಲಿಸಿದ್ದವು, ಕೆಲವನ್ನು ಅವುಗಳ ಕರ್ತೃಗಳೇ ಕೈಬಿಟ್ಟಿದ್ದರು. ಒಂದು ಪದ ಸೇರಿಸಲು ಮೂರು ದಿನ ಒದ್ದಾಡಿದೆ.

ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬಳಿಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಅವಳದು. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಸರ್, ನಿಮ್ಮ ಬರಹ ಎಲ್ಲಿದೆ?”

ಎಲ್ಲಿದೆ ಎಂದರೆ? ಹುಡುಕಿದೆ. ಪದಗಳ ಅರ್ಥಗಳೆಲ್ಲ ಪ್ರೋಗ್ರಾಮಿನ ಸಾಲುಗಳ ನಡುವೆ, ಬಣ್ಣ ಅಳತೆ ಗುಂಡಿಗಳ ನಡುವೆ ಸಿಕ್ಕಿಕೊಂಡಿದ್ದವು. 2001ರಲ್ಲೂ ಇದೇ ಆಗಿತ್ತು. ಆಗ ಬರಹ ಫಾಂಟಿನೊಳಗೆ, ಕೋಷ್ಟಕದೊಳಗಿನ ಕೋಷ್ಟಕದಲ್ಲಿ ಸಿಕ್ಕಿಕೊಂಡಿತ್ತು. ಈಗ ಫ್ರೇಮ್‌ವರ್ಕಿನೊಳಗೆ. ಹದಿನೇಳು ವರ್ಷ ದಾಟಿ ಅದೇ ತಪ್ಪನ್ನು ಹೊಸ ಸಾಧನದಲ್ಲಿ ಮಾಡಿದ್ದೆ. ಅಸಲನ್ನೂ ಬಡ್ಡಿಯನ್ನೂ ಒಂದೇ ಚೀಲಕ್ಕೆ ಹಾಕಿದ್ದೆ.

ಅಸಲು ಬೇರೆ, ಬಡ್ಡಿ ಬೇರೆ

“ಡೇಟಾಬೇಸೂ ಬೇಡ ಸರ್, ಬರೀ ಫೈಲು ಸಾಕು” ಎಂದು ಅವಳು ತೋರಿಸಿಕೊಟ್ಟ ದಾರಿ ಸರಳ. ಪ್ರತಿ ಪುಟದ ಬರಹ ಒಂದೊಂದು ಸಾದಾ ಪಠ್ಯದ ಫೈಲು. ಶೀರ್ಷಿಕೆಗೆ ಒಂದು ಚಿಹ್ನೆ, ಪಟ್ಟಿಗೆ ಒಂದು ಚಿಹ್ನೆ, ಅಷ್ಟೇ. ಜಾನ್ ಗ್ರೂಬರ್ 2004ರಲ್ಲಿ ರೂಪಿಸಿದ ಈ ಬರವಣಿಗೆಯ ಕ್ರಮಕ್ಕೆ ಮಾರ್ಕ್‌ಡೌನ್ ಎಂದು ಹೆಸರು. ಯಾವ ತಂತ್ರಾಂಶವೂ ಇಲ್ಲದಿದ್ದರೂ ಆ ಫೈಲನ್ನು ತೆರೆದು ಮನುಷ್ಯ ಓದಬಹುದು. ಇದು ಅಸಲು.

ಪುಟ ಹೇಗೆ ಕಾಣಬೇಕೆಂಬ ಅಚ್ಚು ಬೇರೆ ಕಡತದಲ್ಲಿ. 2001ರಲ್ಲಿ ಮೇಲಿನ ಪಟ್ಟಿಯ ಒಂದು ಪದ ಬದಲಿಸಬೇಕಾದರೆ ನಲವತ್ತೊಂದು ಫೈಲುಗಳನ್ನೂ ತೆರೆಯಬೇಕಿತ್ತು. ಈಗ ಅಚ್ಚೊಂದನ್ನು ತಿದ್ದಿದರೆ ಸಾಕು. ಬರಹವನ್ನು ಅಚ್ಚಿಗೆ ಸುರಿದು ಪುಟಗಳನ್ನು ತೆಗೆದುಕೊಡುವ ಸಾಧನಕ್ಕೆ ಸ್ಟಾಟಿಕ್ ಸೈಟ್ ಜನರೇಟರ್ ಎನ್ನುತ್ತಾರೆ. 2008ರ ಜೆಕಿಲ್, 2013ರ ಹ್ಯೂಗೋ ಇಂಥವು. ನಾನು ಹ್ಯೂಗೋ ಬಳಸಿದೆ. ಆಜ್ಞೆ ಕೊಟ್ಟು ಕಣ್ಣೆತ್ತುವಷ್ಟರಲ್ಲಿ ಇಡೀ ತಾಣ ಸಿದ್ಧ. ಹೊರಬರುವುದು ಏನು ಗೊತ್ತೇ? 2001ರಲ್ಲಿ ನಾನು ಕೈಯಾರೆ ಬರೆದಂಥದೇ ಸಾದಾ ಎಚ್‌ಟಿಎಂಎಲ್ ಪುಟಗಳು. ನಾಳೆ ಹ್ಯೂಗೋ ಇಲ್ಲವಾದರೆ ಬೇರೊಂದು ಅಚ್ಚು ತರಬಹುದು. ಬರಹದ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ.

ಪುಟದ ರೂಪವೆಂಬ ಬಡ್ಡಿಯನ್ನೂ ಕಡೆಗಣಿಸಬಾರದು, ಓದುಗರ ಕೈಗೆ ಸಿಗುವುದು ಅದೇ. ಹಳೆಯ ತಾಣದಲ್ಲಿ 800 ಅಗಲ 600 ಎತ್ತರದ ಪರದೆ ಬೇಕೆಂದು ಬರೆದಿದ್ದೆ. ಈಗ ನಮ್ಮೂರಿನವರು ತೋಟದಲ್ಲಿ ನಿಂತು ಮೊಬೈಲಿನಲ್ಲಿ ಓದುತ್ತಾರೆ, ಪುಟ ತಾನಾಗಿ ಹೊಂದಿಕೊಳ್ಳಬೇಕು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ನಮ್ಮ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಗುಡಿಸುಗಳು ಮೇಲೇಳುತ್ತವೆ. ಅಂತರ ಬಿಗಿಯಾದರೆ ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ. ಪದಗಳ ಅಕಾರಾದಿಯನ್ನೂ ಯಂತ್ರಕ್ಕೇ ಬಿಡುವಂತಿಲ್ಲ. ಯೂನಿಕೋಡಿನ ಅಂಕೆಗಳ ಸಾಲಿನಲ್ಲಿ ‘ಳ’ ಇರುವುದು ‘ಲ’ದ ಪಕ್ಕ, ನಮ್ಮ ವರ್ಣಮಾಲೆಯಲ್ಲಿ ‘ಹ’ದ ಆಚೆ. ಅಂಕೆ ನೋಡಿ ಜೋಡಿಸಿದರೆ ‘ಹಾಳೆ’ ಹೋಗಿ ‘ಹಾವು’ ಪದಕ್ಕಿಂತ ಮೊದಲೇ ನಿಲ್ಲುತ್ತದೆ. ಆ ನಿಯಮವನ್ನು ನಾವೇ ಬರೆದುಕೊಡಬೇಕು.

ಪುಟದ ತಲೆಯಲ್ಲಿ ‘ಇದು ಕನ್ನಡ’ ಎಂದು ಯಂತ್ರಕ್ಕೆ ತಿಳಿಸುವ ಒಂದು ಪುಟ್ಟ ಗುರುತು ಇದೆ. ಅದರ ಬೆಲೆ ನನಗೆ ಗೊತ್ತಾದದ್ದು ದೃಷ್ಟಿಯಿಲ್ಲದ ನನ್ನೊಬ್ಬ ಹಳೆಯ ವಿದ್ಯಾರ್ಥಿಯಿಂದ. ಅವನು ಓದುವುದು ಪಠ್ಯವನ್ನು ದನಿಯಾಗಿಸುವ ತಂತ್ರಾಂಶದಿಂದ. ಹಳೆಯ ತಾಣ ಅವನ ಕಿವಿಗೆ ಪಿ, ಎ, ಪೌಂಡ್ ಎಂದು ಕೇಳಿಸುತ್ತಿತ್ತು. ಹೊಸ ತಾಣವನ್ನು ಅವನು ನನ್ನ ಮನೆಯ ಜಗಲಿಯಲ್ಲಿ ಕುಳಿತು ಕೇಳಿದ. ಯಂತ್ರದ ದನಿ ಚಪ್ಪಟೆಯಾಗಿ ‘ಚೊಗರು’ ಎಂದಿತು. ಅವನು ತಡೆದು, ಮತ್ತೊಮ್ಮೆ ಕೇಳಿ, “ನಮ್ಮಜ್ಜಿಯೂ ಹೀಗೇ ಅಂತಿದ್ದರು ಸರ್” ಎಂದ. ಇಡೀ ಶ್ರಮ ಸಾರ್ಥಕವಾಯಿತು ಎಂದು ನನಗೆ ಅನ್ನಿಸಿದ ಗಳಿಗೆ ಅದು.

ವಿಳಾಸವೂ ಅಸಲೇ

ನಮ್ಮ ಕಡೆ ಮನೆಗೆ ಹೆಸರಿರುತ್ತದೆ. ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟಿದರೂ ಊರಿನವರು ಅದನ್ನು ಮೊದಲಿನ ಹೆಸರಿನಿಂದಲೇ ಕರೆಯುತ್ತಾರೆ, ಕಾಗದವೂ ಅದೇ ಹೆಸರಿಗೆ ಬರುತ್ತದೆ. ಪುಟದ ವಿಳಾಸವೂ ಹಾಗೆ ಇರಬೇಕು. ಬರ್ನರ್ಸ್–ಲೀ 1998ರಲ್ಲೇ ಇದನ್ನು ಒತ್ತಿ ಬರೆದರು. ವಿಳಾಸ ಬದಲಾಗುವುದಕ್ಕೆ ತಂತ್ರಜ್ಞಾನ ಕಾರಣವಲ್ಲ, ನಮ್ಮ ಮುಂದಾಲೋಚನೆಯ ಕೊರತೆ ಕಾರಣ ಎಂಬುದು ಅವರ ವಾದದ ತಿರುಳು.

ಬೇರೆಯವರ ಹೆಸರಿನಡಿ ಇದ್ದ ಮೊದಲ ವಿಳಾಸ ನನ್ನ ಕೈಮೀರಿ ಹೋಗಿತ್ತು. ಈ ಸಲ ಸ್ವಂತ ಡೊಮೇನ್ ಹೆಸರು ಕೊಂಡೆ. ಪುಟಗಳ ಹಳೆಯ ಹೆಸರುಗಳನ್ನು ಹಾಗೇ ಉಳಿಸಿಕೊಂಡೆ. 2018ರ ತಾಣದಲ್ಲಿ ಬದಲಾಗಿದ್ದ ದಾರಿಗಳಿಗೆಲ್ಲ ಈ ಕಡೆ ಬನ್ನಿ ಎಂದು ಕೈತೋರಿಸುವ ವ್ಯವಸ್ಥೆ ಮಾಡಿದೆ. ಡೊಮೇನಿನ ವಾರ್ಷಿಕ ಶುಲ್ಕ ಕಟ್ಟುವ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ, ಕಂದಾಯ ಕಟ್ಟುವ ದಿನದ ಜೊತೆಗೇ ಬರೆದಿಟ್ಟಿದ್ದೇನೆ. ನನ್ನ ನಂತರ ಯಾರು ಕಟ್ಟಬೇಕೆಂಬುದನ್ನೂ ಬರೆದಿದ್ದೇನೆ.

ತಿದ್ದಬೇಕೇ, ಬಿಡಬೇಕೇ

ಮತ್ತೆ ಕಟ್ಟುವಾಗ ಹಳೆಯ ಬರಹವನ್ನೂ ತಿದ್ದಿಬಿಡುವ ಆಸೆ ಬರುತ್ತದೆ. ‘ಚೊಗರು’ ಪದಕ್ಕೆ 2001ರಲ್ಲಿ ನಾನು ‘ಅಡಿಕೆ ಬೇಯಿಸಿದ ನೀರು’ ಎಂದಷ್ಟೇ ಬರೆದಿದ್ದೆ. ಅದು ಮಂದವಾಗಿ ಇಳಿದದ್ದು, ಅಡಿಕೆಗೆ ಬಣ್ಣ ಕಟ್ಟಲು ಅದನ್ನು ಮತ್ತೆ ಬಳಸುತ್ತಾರೆ ಎಂದು ಕೊಪ್ಪದ ಕಡೆಯ ಬೆಳೆಗಾರರೊಬ್ಬರು ಪತ್ರ ಬರೆದು ತಿಳಿಸಿದರು. ಹಳೆಯ ಸಾಲನ್ನು ಅಳಿಸಲಿಲ್ಲ. ಅದರ ಕೆಳಗೆ ತಾರೀಕು ಹಾಕಿ ಹೊಸ ಸಾಲು ಸೇರಿಸಿದೆ. ನಮ್ಮ ಗ್ರಂಥಸಂಪಾದಕರು ಓಲೆಗರಿಗಳ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಟ್ಟ ದಾರಿಯೇ ಇದು. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ಸಾಧನ ಯಾವ ಸಾಲು ಯಾವ ದಿನ ಯಾರಿಂದ ಬದಲಾಯಿತು ಎಂಬುದನ್ನೆಲ್ಲ ನೆನಪಿಡುತ್ತದೆ. ಅದರಲ್ಲೇ ನನ್ನ ಬರಹವೆಲ್ಲ ಇದೆ.

ಪ್ರತಿ ಮಾಡಿಸುವ ಪುಣ್ಯ

ಕೊನೆಯ ಮಾತಿಗೆ ಬರುತ್ತೇನೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ಓಲೆಗರಿ ಹಾಳಾಗುತ್ತದೆ, ಪ್ರತಿ ಉಳಿಯುತ್ತದೆ ಎಂಬುದು ಆ ತಾಯಿಗೆ ಗೊತ್ತಿತ್ತು. ಅದಕ್ಕಾಗಿ ಹಣ ತೆಗೆದಿಟ್ಟಳು. ನಮ್ಮ ದತ್ತಿಗಳಿಗೆಲ್ಲ ಅವಳೇ ಹಿರಿಯಳು.

ಕಳೆದುಹೋದ ನನ್ನ ಮೂರು ಪುಟಗಳ ಹಳೆಯ ಹೆಸರುಗಳನ್ನು ಹೊಸ ತಾಣದಲ್ಲೂ ಇಟ್ಟೆ. ಶೀರ್ಷಿಕೆ ಬರೆದು, ಕೆಳಗೆ ‘ಈ ಪುಟ ಸಿಕ್ಕಿಲ್ಲ, ಯಾರಲ್ಲಾದರೂ ಇದ್ದರೆ ದಯವಿಟ್ಟು ಕಳಿಸಿ’ ಎಂದು ಹಾಕಿದೆ. ಹೋದ ವರ್ಷ ಶಿರಸಿಯ ಕಡೆ ಇರುವ ನಮ್ಮ ಚಿಕ್ಕಮ್ಮನ ಮಗಳು ಒಂದು ಲಕೋಟೆ ಕಳಿಸಿದಳು. 2003ರಲ್ಲಿ ಯಾರದೋ ಆಫೀಸಿನಲ್ಲಿ ಪ್ರಿಂಟ್ ತೆಗೆಸಿ, ಅಡುಗೆ ಪುಸ್ತಕದೊಳಗೆ ಮಡಿಸಿ ಇಟ್ಟುಕೊಂಡಿದ್ದಳಂತೆ. ಹದ ನೋಡುವುದು ಹೇಗೆ ಎಂದು ಅಮ್ಮ ಹೇಳಿದ ಪುಟ ಅದು. ಮಡಿಕೆಯ ಗೆರೆಯಲ್ಲಿ ಒಂದು ಸಾಲು ಸವೆದಿತ್ತು, ಉಳಿದದ್ದೆಲ್ಲ ಇತ್ತು. ಆ ರಾತ್ರಿಯೇ ಅದನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದೆ. ಪ್ರತಿ ‘ಮ’ವೂ ನಿಜವಾದ ‘ಮ’ ಆಗಿರುವಂತೆ ನೋಡಿಕೊಂಡೆ. ಸವೆದ ಸಾಲಿನ ಜಾಗದಲ್ಲಿ ಚುಕ್ಕಿಗಳನ್ನಿಟ್ಟೆ.

ಈ ಸಭೆಯಲ್ಲಿ ನನ್ನ ವಯಸ್ಸಿನವರು, ನನಗಿಂತ ಸ್ವಲ್ಪ ಕಿರಿಯರು ಅನೇಕರಿದ್ದೀರಿ. ಇಪ್ಪತ್ತು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ಕನ್ನಡ ಬರೆದವರು ನೀವು. ಕಥೆ, ಊರಿನ ಚರಿತ್ರೆ, ಹಾಡಿನ ಸಂಗ್ರಹ, ಪಾಠದ ಟಿಪ್ಪಣಿ ಎಲ್ಲವೂ ಯಾವುದೋ ಸಿ.ಡಿ.ಯಲ್ಲಿ, ಹಳೆಯ ಫಾಂಟಿನ ವೇಷದಲ್ಲಿ ಕುಳಿತಿವೆ. ಈ ವಾರ ಅವನ್ನು ಹೊರತೆಗೆಯಿರಿ. ಮೊದಲು ಒಂದು ಪ್ರತಿ ಮಾಡಿ ಬೇರೆ ಕಡೆ ಇಡಿ. ಆಮೇಲೆ ಯೂನಿಕೋಡಿಗೆ ತನ್ನಿ, ‘ಮ’ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ಪರೀಕ್ಷಿಸಿ. ಸಾದಾ ಫೈಲಿನಲ್ಲಿ ಉಳಿಸಿ. ಅಂದಚೆಂದದ ಯೋಚನೆ ಕೊನೆಗಿರಲಿ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಿರಿಯರಿಗೆ ಈ ಕೆಲಸದಲ್ಲಿ ಒಂದು ಭಾನುವಾರ ಕೊಡಿ.

ನನ್ನ ತಾಣದಲ್ಲಿ ಇನ್ನೂ ಎರಡು ಪುಟಗಳು ಖಾಲಿ ಇವೆ. ಅವುಗಳ ವಿಳಾಸ ಮಾತ್ರ ಇದ್ದಲ್ಲೇ ಇದೆ.